ಆಯುಧಪೂಜೆಯ ಕುಂಕುಮ ಮತ್ತು ನಮ್ಮ ಕಸುಬು
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನವರಾತ್ರಿಯ ಒಂಬತ್ತನೆಯ ದಿನ, ಮಹಾನವಮಿಯಂದು, ನಮ್ಮಲ್ಲಿ ಹತ್ಯಾರಗಳಿಗೆ ರಜೆ. ಬಡಗಿ ಉಳಿ, ಬಾಚಿ, ಗರಗಸ ಒರೆಸಿ ಮಣೆಯ ಮೇಲೆ ಜೋಡಿಸುತ್ತಾನೆ. ಕಮ್ಮಾರ ಅಡಿಗಲ್ಲಿಗೆ ವಿಭೂತಿ ಬಳಿಯುತ್ತಾನೆ. ರೈತ ನೇಗಿಲು, ಕೂರಿಗೆ, ಕುಡುಗೋಲಿಗೆ ಅರಿಶಿನ ಕುಂಕುಮ ಇಡುತ್ತಾನೆ. ಈಗ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಹೊಲಿಗೆ ಮಿಷನ್ನು, ಕಂಪ್ಯೂಟರೂ ಆ ಸಾಲಿಗೆ ಸೇರಿವೆ. ಗಾಡಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟುತ್ತೇವೆ. ಬೂದುಗುಂಬಳ ನಿವಾಳಿಸಿ ಒಡೆಯುತ್ತೇವೆ.

ಕೆಲವರು ಇದಕ್ಕೆ ನಗ್ತಾರೆ. ನಾವು ನಗುವುದಿಲ್ಲ. ಅನ್ನ ಕೊಡುವ ವಸ್ತುವಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಗುಣವೇ ಈ ಪೂಜೆಯ ತಿರುಳು. ಹನ್ನೆರಡನೆಯ ಶತಮಾನದ ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಇವರನ್ನು ನಾಡು ಇಂದಿಗೂ ಕಸುಬಿನ ಹೆಸರಿನಿಂದಲೇ ನೆನೆಯುತ್ತದೆ.

ಪೂಜೆಯಲ್ಲಿ ಹಿರಿಯರ ಜಾಣತನವೂ ಇದೆ. ವರ್ಷಕ್ಕೊಮ್ಮೆಯಾದರೂ ಪ್ರತಿ ಹತ್ಯಾರವನ್ನು ಕೈಗೆತ್ತಿ ನೋಡಲೇಬೇಕು. ತುಕ್ಕು ಹಿಡಿದಿದ್ದರೆ ಉಜ್ಜಿ ಎಣ್ಣೆ ಸವರಬೇಕು, ಕೊಡಲಿಯ ಕಾವು ಸಡಿಲಾಗಿದ್ದರೆ ಬೆಣೆ ಹೊಡೀಬೇಕು, ಗಾಡಿಗೆ ಕೀಲೆಣ್ಣೆ ಹಾಕಬೇಕು.

ಆದರೆ ನೋಡುವುದನ್ನು ಬಿಟ್ಟು ಕಟ್ಟುವುದನ್ನಷ್ಟೇ ಉಳಿಸಿಕೊಂಡರೆ ಏನಾಗುತ್ತದೆ? ನಮ್ಮ ಸದಸ್ಯರೊಬ್ಬರ ಎರಡು ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಹೋದವು. ಯಂತ್ರಕ್ಕೆ ಕಟ್ಟಿದ್ದ ನಿಂಬೆಹಣ್ಣು ಇನ್ನೂ ಒಣಗಿರಲಿಲ್ಲ. ಬಾಯಿಗೆ ಹಾಕುವ ತಗಡು ಮಾತ್ರ ಮೂಲೆಯಲ್ಲಿ ಬಿದ್ದಿತ್ತು. ಅವರು ಇಲ್ಲೇ ಕೂತಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳ್ತಿದ್ದೇವೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಕೋರಿಕೆ ಮೂರು. ಒಂದು, ಪೂಜೆಗೆ ಮುಂಚೆ ಯಂತ್ರದ ತಗಡು, ಜಾಲರಿ ಎಲ್ಲಾ ಜಾಗದಲ್ಲಿವೆಯೇ ನೋಡಿ. ಎರಡು, ಮೇನ್ ಸ್ವಿಚ್ ತೆಗೆಯದೆ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಒದ್ದೆ ಕೈಯಲ್ಲಿ ಕುಂಕುಮ ಹಚ್ಚಬೇಡಿ. ಮೂರು, ಒಡೆದ ಕುಂಬಳಕಾಯಿಯನ್ನು ರಸ್ತೆಯಿಂದ ಬಳಿದು ತೆಗೆಯಿರಿ. ನಮ್ಮ ದೃಷ್ಟಿ ತೆಗೆಯಲು ಹೋಗಿ ಇನ್ನೊಬ್ಬರ ಮನೆ ಮಗ ಬೈಕಿನಿಂದ ಜಾರಿ ಬೀಳಬಾರದು.

ಕೊನೆಯದಾಗಿ ಸಂಘದ ಮಾತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದಾಗಿನಿಂದ ಸಹಕಾರಿಗಳ ಮೊದಲ ಹತ್ಯಾರ ಲೆಕ್ಕದ ಪುಸ್ತಕ. ನಮ್ಮಲ್ಲಿ ತಕ್ಕಡಿಯೂ ಇದೆ. ಇವೆರಡಕ್ಕೂ ನಾವು ವರ್ಷಾ ವರ್ಷಾ ಕುಂಕುಮ ಇಡ್ತೇವೆ. ಆ ಕುಂಕುಮಕ್ಕೆ ಬೆಲೆ ಬರುವುದು ತೂಕ ಸರಿಯಿದ್ದಾಗ, ಲೆಕ್ಕ ನೇರವಿದ್ದಾಗ. ಸದಸ್ಯರು ಯಾವಾಗ ಬೇಕಾದರೂ ಬಂದು ಎರಡನ್ನೂ ನೋಡಬಹುದು, ನೋಡಬೇಕು.