ಪೊರಕೆ ಯಾರ ಕೈಯಲ್ಲಿದೆ?

(ಕ್ಯಾಂಪ್‌ಬೆಲ್‌ನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಕ್ಯಾಂಪ್‌ಬೆಲ್ ಹಾಗೂ ಸುತ್ತಲಿನ ಊರುಗಳ ಕನ್ನಡ ಕುಟುಂಬಗಳಿಗೆ ಜಪಾನ್ ಈಗ ದೂರದ ದೇಶವಲ್ಲ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಟೋಕಿಯೋದಲ್ಲಿ ನಾಲ್ಕು ದಿನ ತಂಗಿ ಬಂದವರ ಮೊದಲ ಮಾತು ಅಲ್ಲಿನ ಸ್ವಚ್ಛತೆಯದು. ಎರಡನೆಯದು, ಶಾಲೆಯ ಮಕ್ಕಳೇ ತಮ್ಮ ತರಗತಿಯನ್ನು ಗುಡಿಸಿ ಒರೆಸುವ ಪದ್ಧತಿಯದು. ಮೂರನೆಯದು ಒಂದು ನಿಟ್ಟುಸಿರು: ‘ನಮ್ಮವರಿಗೆ ಈ ಶಿಸ್ತು ಎಂದು ಬಂದೀತು?’

ಈ ನಿಟ್ಟುಸಿರಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಮುಂಬಯಿ ಪ್ರಾಂತ್ಯದಲ್ಲಿ ಇಂಜಿನಿಯರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದರು. ಆ ದೇಶದ ಶಿಕ್ಷಣ ಮತ್ತು ಕೈಗಾರಿಕೆಗಳ ಪ್ರಗತಿ ಅವರಿಗೆ ಬಾಳಿನುದ್ದಕ್ಕೂ ಮಾದರಿಯಾಗಿ ಉಳಿಯಿತು. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾಯಿದೆ ಬಂತು. ಅದು ಸಣ್ಣ ಸಾಧನೆಯಲ್ಲ. ಆದರೆ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯದ ಪ್ರಶ್ನೆ ಎದ್ದಾಗ ಅವರಿಗೂ ಮಹಾರಾಜರಿಗೂ ಭಿನ್ನಾಭಿಪ್ರಾಯ ಬೆಳೆಯಿತು. 1918ರಲ್ಲಿ ಅವರು ದಿವಾನಗಿರಿಯಿಂದ ನಿರ್ಗಮಿಸಿದರು. ಶಾಲೆಯ ಬಾಗಿಲು ತೆರೆಯುವುದು ಒಂದು ಕೆಲಸ, ಕಚೇರಿಯ ಕುರ್ಚಿ ಹಂಚಿಕೊಳ್ಳುವುದು ಮತ್ತೊಂದು ಕೆಲಸವೆಂದು ಮೈಸೂರು ಅಂದೇ ಕಂಡಿತು.

ಜಪಾನಿಗೂ ಈ ಎರಡನೆಯ ಕೆಲಸ ಸುಲಭವಾಗಿರಲಿಲ್ಲ. ಚರ್ಮ ಹದಮಾಡುವವರು, ಸತ್ತ ದನ ಸಾಗಿಸುವವರು ಮೊದಲಾದವರನ್ನು ಅಲ್ಲಿಯೂ ಮೈಲಿಗೆಯವರೆಂದು ಹೊರಗಿಟ್ಟಿದ್ದರು. 1871ರ ರಾಜಾಜ್ಞೆ ಆ ಹೀನ ಹೆಸರುಗಳನ್ನು ರದ್ದುಮಾಡಿತು, ತಾರತಮ್ಯ ರದ್ದಾಗಲಿಲ್ಲ. 1922ರಲ್ಲಿ ಕ್ಯೋಟೋದಲ್ಲಿ ಆ ಜನರೇ ‘ಸುಯ್ಹೇಯ್‌ಷಾ’ ಎಂಬ ಸಮಾನತೆಯ ಸಂಘಟನೆ ಕಟ್ಟಬೇಕಾಯಿತು. ಇಂಥವರ ಕೇರಿಗಳ ಹೆಸರುಗಳಿರುವ ಗುಪ್ತ ಪಟ್ಟಿಯನ್ನು ಅನೇಕ ಕಂಪನಿಗಳು ಕೊಂಡಿದ್ದ ಸಂಗತಿ ಬಯಲಾದದ್ದು 1975ರಲ್ಲಿ. ಕೆಲಸ ಕೇಳಿ ಬಂದವರ ಮೂಲವನ್ನು ಹುಡುಕುವುದಕ್ಕೆ ಆ ಪಟ್ಟಿ ಒದಗುತ್ತಿತ್ತು. ನಾಲ್ಕು ದಿನದ ಪ್ರವಾಸಿಗೆ ಇದು ಕಾಣುವುದಿಲ್ಲ. ಹೆಸರು ಕೇಳಿದೊಡನೆ ಊರು, ಮನೆತನ, ಊಟದ ಪದ್ಧತಿಗಳನ್ನು ವಿಚಾರಿಸುವ ಕನ್ನಡಿಗರಿಗೆ ಮಾತ್ರ ಇದು ಹೊಸದೆನಿಸಬಾರದು.

ಆದ್ದರಿಂದ ಜಪಾನಿನಿಂದ ಕಲಿಯಬೇಕಾದ್ದು ‘ಶಿಸ್ತು’ ಎಂಬ ಒಂದು ಪದದಲ್ಲಿ ಮುಗಿಯುವುದಿಲ್ಲ. ಅಲ್ಲಿನ ತರಗತಿಯಲ್ಲಿ ಪೊರಕೆ ಸರದಿಯಂತೆ ಎಲ್ಲ ಮಕ್ಕಳ ಕೈಗೂ ಬರುತ್ತದೆ. ಆ ಪದ್ಧತಿಯ ಬೆಲೆ ಇರುವುದು ಅಲ್ಲಿ. ಕರ್ನಾಟಕದಲ್ಲಿ ಪೊರಕೆ ಹುಟ್ಟಿನೊಂದಿಗೆ ಕೆಲವರ ಕೈಗೆ ಮಾತ್ರ ಬಂದಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಆಜ್ಞೆ ಹೊರಡಿಸಬೇಕಾಯಿತು. ಚರಂಡಿಗೆ ಇಳಿದವರು ಉಸಿರುಗಟ್ಟಿ ಸಾಯುವುದು ಇಂದಿಗೂ ನಿಂತಿಲ್ಲ.

ಜಪಾನಿನಿಂದ ಮರಳುವವರು ಬೀಸಣಿಗೆ, ಚಹಾ, ಗೊಂಬೆಗಳನ್ನು ತರುತ್ತಾರೆ. ಅವುಗಳೊಡನೆ ಒಂದು ಪ್ರಶ್ನೆಯನ್ನೂ ತರಲಿ: ಊರಿನ ಮನೆಯ ಬಚ್ಚಲನ್ನು ತೊಳೆಯುವವರು ಯಾರು? ಅವರಿಗೆ ಕಾಫಿ ಕೊಡುವುದು ಯಾವ ಲೋಟದಲ್ಲಿ?