ಸೊಲ್ಲಾಪುರದ ಸುಟ್ಟಗಾಯ, ಮೂಡಿಗೆರೆಯ ತುಡುವೆ

91 ಮತ್ತು 7. ಈ ಎರಡು ಸಂಖ್ಯೆ ಓದಿದ ಮೇಲೆ ಜೇನುತುಪ್ಪದ ಬಗ್ಗೆ ನಾನು ಬರೆದಿಟ್ಟುಕೊಂಡಿದ್ದ ಉಳಿದದ್ದೆಲ್ಲ ಸಪ್ಪೆ ಅನ್ನಿಸಿಬಿಡ್ತು.

ಸೊಲ್ಲಾಪುರ ಗೊತ್ತಲ್ಲ? ವಿಜಯಪುರದಿಂದ ಗಡಿ ದಾಟಿದರೆ ಸಿಗೋ, ಮರಾಠಿ ನಡುವೆ ಕನ್ನಡ ಕಿವಿಗೆ ಬೀಳೋ ಊರು. ಅಲ್ಲಿನ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ, ಮೈ ಸುಟ್ಟುಕೊಂಡು ಬಂದ 104 ರೋಗಿಗಳನ್ನು ಎರಡು ಪಾಲು ಮಾಡಿದರು. 52 ಮಂದಿಗೆ ಜೇನಿನ ಪಟ್ಟಿ. ಮಿಕ್ಕ 52 ಮಂದಿಗೆ ಸಿಲ್ವರ್ ಸಲ್ಫಾಡಯಾಜಿನ್, ಅಂದರೆ ಎಲ್ಲ ಆಸ್ಪತ್ರೆಯಲ್ಲೂ ಹಚ್ಚೋ ಆ ಬಿಳಿ ಮುಲಾಮು. ಏಳು ದಿನದೊಳಗೆ ಜೇನಿನ ಕಡೆ ಶೇ. 91ರಷ್ಟು ಗಾಯಗಳಲ್ಲಿ ಸೋಂಕು ಮಾಯ. ಮುಲಾಮಿನ ಕಡೆ? ಶೇ. 7. 1991ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಅಚ್ಚಾದ ಲೆಕ್ಕ ಇದು. ಮಾನುಕಾ, ಮಾನುಕಾ ಅಂತ ನ್ಯೂಜಿಲೆಂಡಿನ ಜೇನಿನ ಬಾಟಲಿಗೆ ದುಡ್ಡು ಸುರಿಯೋರು ಎಷ್ಟು ಜನ ಸೊಲ್ಲಾಪುರದ ಹೆಸರು ಕೇಳಿದ್ದಾರೋ!

ಹೇಗೆ ಸಾಧ್ಯ? ಜೇನುತುಪ್ಪದಲ್ಲಿರೋದು ಬಹುಪಾಲು ಸಕ್ಕರೆ. ಅದು ಸೂಕ್ಷ್ಮಾಣುವಿನ ಮೈಯ ನೀರನ್ನೇ ಎಳೆದುಬಿಡುತ್ತೆ. ಜೊತೆಗೆ ಹುಳಿ. ಮಜಾ ಇರೋದು ಮುಂದೆ. ಜೇನುಹುಳ ಮಕರಂದಕ್ಕೆ ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಕಿಣ್ವ ಬೆರೆಸಿರುತ್ತೆ. ಬಾಟಲಿಯಲ್ಲಿ ಅದು ಸುಮ್ಮನಿರುತ್ತೆ. ಗಾಯದ ರಸ ಸೇರಿ ತುಪ್ಪ ತೆಳುವಾದಾಗ ಕೆಲಸ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತೆ. ಜಾಸ್ತಿ ಕಾಯಿಸಿದಿರೋ, ಕಿಣ್ವ ಸತ್ತಿತು. ಪಳಪಳ ಹೊಳೀಲಿ ಅಂತ ತುಪ್ಪ ಕಾಯಿಸಿ ಸೋಸೋರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ.

ಸುಬ್ರಹ್ಮಣ್ಯಂ ಅಲ್ಲಿಗೇ ಬಿಡಲಿಲ್ಲ. ಆಗ ಸುಟ್ಟಗಾಯಕ್ಕೆ ಬೇಯಿಸಿದ ಆಲೂಗಡ್ಡೆ ಸಿಪ್ಪೆ ಕಟ್ಟೋ ಪದ್ಧತಿಯೂ ಇತ್ತು, ನಿಜವಾಗಲೂ! 1996ರಲ್ಲಿ ಜೇನನ್ನು ಅದರ ಎದುರಿಗೂ ನಿಲ್ಲಿಸಿದರು. ಆಲೂಗಡ್ಡೆ ಸೋತಿತು.

91ಕ್ಕೆ 7 ಅಂದರೆ ಯಾರಿಗಾದರೂ ಅನುಮಾನ ಬರುತ್ತೆ. ಪ್ರಯೋಗಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆಯವರೂ ಗೊಣಗಿದರು: ಸುಟ್ಟಗಾಯದ ಪ್ರಯೋಗಗಳೆಲ್ಲ ಒಂದೇ ಕಡೆಯಿಂದ ಬಂದಿವೆಯಲ್ಲ? ನ್ಯಾಯವಾದ ಗೊಣಗಾಟ. ಆದರೆ ತೀರಾ ಆಳಕ್ಕಿಳಿಯದ ಸುಟ್ಟಗಾಯ ಜೇನಿನಿಂದ ನಾಲ್ಕೈದು ದಿನ ಬೇಗ ಮಾಯುತ್ತೆ ಅಂತ 2015ರಲ್ಲಿ ಬರೆದವರೂ ಅವರೇ.

ಇನ್ನು ನಮ್ಮ ಮಲೆನಾಡಿನ ಗುಡ್ಡಕ್ಕೆ ಬರೋಣ. ‘ಕರ್ವಾಲೊ’ ಕಾದಂಬರಿ ಓದಿದವರಿಗೆ ಜೇನು ಸಾಕೋ ಮಂದಣ್ಣ ನೆನಪಿರ್ತಾನೆ. ಮೂಡಿಗೆರೆ, ಕಳಸದ ಕಡೆ ಪೆಟ್ಟಿಗೆಯಲ್ಲಿ ಕೂರೋದು ತುಡುವೆ. ಹೆಜ್ಜೇನು ಪೆಟ್ಟಿಗೆಗೆ ಬಗ್ಗಲ್ಲ. ಸೊಲ್ಲಾಪುರದ ಲೇಖನ ಬಂದ ಅದೇ 1991ರ ಸುಮಾರಿಗೆ ದಕ್ಷಿಣಕ್ಕೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ನುಗ್ಗಿತು. ತುಡುವೆ ಮರಿಗಳು ಮೈಯೊಳಗೆ ನೀರು ತುಂಬಿ ಗೂಡಲ್ಲೇ ಸತ್ತವು. ಕೆಲವೇ ವರ್ಷದಲ್ಲಿ ದಕ್ಷಿಣ ಭಾರತದ ಸಾಕು ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹೋದವು. ಜೇನು ಔಷಧ ಅಂತ ಲೆಕ್ಕ ಸಮೇತ ತೋರಿಸಿದ ಹೊತ್ತಿಗೇ ಪೆಟ್ಟಿಗೆ ಖಾಲಿ! ನಷ್ಟ ತುಪ್ಪದ್ದು ಮಾತ್ರ ಅಲ್ಲ. ಕಾಫಿಯಲ್ಲಿ ಅರೇಬಿಕಾ ತನ್ನಷ್ಟಕ್ಕೆ ಕಾಯಿ ಕಟ್ಟುತ್ತೆ. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಹೂಮಳೆ ಬಿದ್ದು ಅರಳಿದ ಆ ಕೆಲವೇ ದಿನದಲ್ಲಿ. ರೋಗ ತಡೆದುಕೊಂಡು ಉಳಿದ ಕುಟುಂಬಗಳಿಂದಲೇ ಮತ್ತೆ ಪೆಟ್ಟಿಗೆ ತುಂಬಿಸಬೇಕಾಯ್ತು.

ಸರಿ, ಮನೇಲಿ ಏನು ಮಾಡೋಣ ಅಂತೀರಾ? ಸುಟ್ಟಗಾಯಕ್ಕೆ ಅಡುಗೆಮನೆ ಜೇನುತುಪ್ಪ ಬೇಡ. ಗಾಯಕ್ಕೆ ಅಂತಲೇ ಮಾರೋ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿರ್ತಾರೆ. ಕೆಮ್ಮಿಗೆ ಒಂದು ಚಮಚ ಧಾರಾಳವಾಗಿ ನೆಕ್ಕಿ. ವರ್ಷ ತುಂಬದ ಕೂಸಿಗೆ ಮಾತ್ರ ಒಂದು ಹನಿಯೂ ಬೇಡ, ಅದರಲ್ಲಿ ಬಾಟುಲಿಸಂ ರೋಗದ ಬೀಜಾಣು ಇರಬಹುದು. ಹುಟ್ಟಿದ ಕೂಡಲೇ ಜೇನು ನೆಕ್ಕಿಸಲೇಬೇಕು ಅನ್ನೋ ಅಜ್ಜಿಯಂದಿರು ಕಾಮೆಂಟಿನಲ್ಲಿ ಬೈಯಲಿ, ನಾನು ತಯಾರು.