ಅರಸುಹಾವಿನ ಬಣ್ಣಗಳು

ಒಂದು ವಸ್ತುವಿಗೆ ಹಲವು ಹೆಸರಿರುವುದು ನಮಗೆ ಹೊಸದಲ್ಲ. ಅಮರಕೋಶವನ್ನು ತೆರೆದರೆ ಹಾವೊಂದಕ್ಕೇ ಸರ್ಪ, ಭುಜಗ, ಉರಗ, ಪನ್ನಗ, ಬಿಲೇಶಯ ಎಂದು ಸಾಲುಸಾಲಾಗಿ ಪರ್ಯಾಯಪದಗಳು ಸಿಗುತ್ತವೆ. ಎದೆಯಿಂದ ಹರಿಯುವುದರಿಂದ ಉರಗ. ಬಿಲದಲ್ಲಿ ಮಲಗುವುದರಿಂದ ಬಿಲೇಶಯ. ಹೆಸರು ಎಷ್ಟಾದರೂ ಪ್ರಾಣಿ ಒಂದೇ ಎಂಬುದನ್ನು ಕೋಶಕಾರ ಮರೆಯಲಿಲ್ಲ. ಆದರೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದೇ ಹಾವಿಗೆ ಎರಡು ಹೆಸರಿಟ್ಟ ವಿದ್ವಾಂಸರು ಅವು ಎರಡು ಬೇರೆ ಹಾವುಗಳೆಂದೇ ಬಹುಕಾಲ ನಂಬಿದ್ದರು. ಆ ನಂಬಿಕೆ ಕಳಚಿದ ಬಗೆಯನ್ನೂ, ಆ ಹಾವಿನ ಬಣ್ಣದ ಮೇಲೆ ಮನುಷ್ಯನಿಗೆ ಹುಟ್ಟಿದ ಮೋಹ ಎಲ್ಲಿಗೆ ಮುಟ್ಟಿತೆಂಬುದನ್ನೂ ಈಗ ತಮ್ಮಲ್ಲಿ ಅರಿಕೆಮಾಡುತ್ತೇನೆ.

ಇಂಗ್ಲಿಷಿನಲ್ಲಿ ಈ ಹಾವಿನ ಹೆಸರು ಕಿಂಗ್‌ಸ್ನೇಕ್. ನಾವು ಅರಸುಹಾವು ಎನ್ನೋಣ. ಇದನ್ನು ನಮ್ಮ ಆಗುಂಬೆಯ ಕಾಳಿಂಗಸರ್ಪವೆಂದು ಭ್ರಮಿಸಬಾರದು. ಕಾಳಿಂಗ ಮಹಾವಿಷಧರ, ಅರಸುಹಾವಿನಿಂದ ಮನುಷ್ಯನಿಗೆ ವಿಷದ ಭಯವಿಲ್ಲ, ಉದ್ದವೂ ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಮಾತ್ರ. ಎರಡಕ್ಕೂ ಸಮಾನವಾದುದು ಬೇರೆ ಹಾವುಗಳನ್ನು ನುಂಗುವ ಸ್ವಭಾವ. ಬಾಲದಲ್ಲಿ ಗಿಲಕಿಯಾಡಿಸುವ ಘೋರವಿಷದ ರ್‍ಯಾಟಲ್ ಹಾವಿನ ವಿಷವನ್ನೂ ಅರಸುಹಾವು ತಡೆದುಕೊಳ್ಳಬಲ್ಲದು. ಅದನ್ನು ಸುತ್ತಿ ಬಿಗಿದು ಕೊಂದು ತಿನ್ನುತ್ತದೆ.

ಕ್ಯಾಲಿಫೋರ್ನಿಯದ ಅರಸುಹಾವುಗಳಲ್ಲಿ ಎರಡು ವೇಷಗಳುಂಟು. ಹೆಚ್ಚಿನವುಗಳ ಮೈಮೇಲೆ ಕಪ್ಪು ಬಿಳಿಯ ಅಡ್ಡಪಟ್ಟೆಗಳು. ಸಾನ್ ಡಿಯಾಗೊ ಸೀಮೆಯ ಹಲವು ಹಾವುಗಳಿಗಾದರೋ ಬೆನ್ನಿನುದ್ದಕ್ಕೂ ಎಳೆದ ಒಂದೇ ಗೆರೆ. ಗೆರೆಯ ಹಾವಿಗೆ 1835ರಲ್ಲಿ ಫ್ರಾನ್ಸಿನ ಬ್ಲಾಂವಿಲ್ ಒಂದು ಹೆಸರಿಟ್ಟನು. ಪಟ್ಟೆಯ ಹಾವಿಗೆ 1853ರಲ್ಲಿ ಅಮೆರಿಕದ ಬೇರ್ಡ್ ಮತ್ತು ಜಿರಾರ್ಡ್ ಮತ್ತೊಂದನ್ನಿಟ್ಟರು. ಈ ಗೊಂದಲವನ್ನು ಬಿಡಿಸಿದವರು ಲಾರೆನ್ಸ್ ಕ್ಲಾಬರ್. ಅವರು ವೃತ್ತಿಯಿಂದ ವಿದ್ಯುತ್ ಕಂಪೆನಿಯ ಇಂಜಿನಿಯರು; ಹಾವುಗಳ ಅಭ್ಯಾಸ ಅವರ ಬಿಡುವಿನ ಕೆಲಸ. ಒಂದೇ ತಾಯಿ ಇಟ್ಟ ಒಂದೇ ಸಲದ ಮೊಟ್ಟೆಗಳಿಂದ ಪಟ್ಟೆಯ ಮರಿಗಳೂ ಗೆರೆಯ ಮರಿಗಳೂ ಹೊರಬರುವುದನ್ನು ಅವರು ತೋರಿಸಿ, 1936ರಲ್ಲಿ ಲೇಖನವನ್ನು ಪ್ರಕಟಿಸಿದರು. ಒಡಹುಟ್ಟಿದವರನ್ನು ಬೇರೆ ಜಾತಿಯವರೆಂದು ಹೇಗೆ ಹೇಳುವುದು?

ಇಂಥ ತೀರ್ಮಾನಕ್ಕೆ ಮನೆಯ ಪೆಟ್ಟಿಗೆಯೊಂದೇ ಸಾಲದು; ಹೊಲ ಗುಡ್ಡಗಳ ಸಾಕ್ಷ್ಯವೂ ಬೇಕು. ವಸಂತದ ದಿನಗಳಲ್ಲಿ ಈ ಹಾವು ಬಿದ್ದ ಹಲಗೆ, ತಗಡು, ಚಪ್ಪಟೆ ಕಲ್ಲುಗಳ ಅಡಿಯಲ್ಲಿ ಮೈ ಕಾಯಿಸಿಕೊಳ್ಳುತ್ತದೆ. ಬೇಸಗೆಯ ಸೆಕೆ ಹೆಚ್ಚಿದಾಗ ರಾತ್ರಿ ಹೊರಬರುತ್ತದೆ. ರಾತ್ರಿ ಮೋಟಾರಿನಲ್ಲಿ ನಿಧಾನವಾಗಿ ಸಾಗುತ್ತ ರಸ್ತೆ ದಾಟುವ ಹಾವುಗಳನ್ನು ಎಣಿಸುವ ಕ್ರಮವನ್ನು ರೂಢಿಗೆ ತಂದವರಲ್ಲಿ ಕ್ಲಾಬರರೂ ಒಬ್ಬರು. ಕಂಡ ಸ್ಥಳ, ದಿನ, ಹೊತ್ತು, ಶಾಖ ಇವನ್ನು ಬರೆದಿಟ್ಟರೆ ಮಾತ್ರ ಆ ಹಾವು ವಿದ್ಯೆಗೆ ಉಪಯೋಗ. ಎತ್ತಿದ ಕಲ್ಲನ್ನು ಇದ್ದಂತೆಯೇ ಇಡುವುದು ಒಳ್ಳೆಯ ಅನ್ವೇಷಕನ ಲಕ್ಷಣ; ಅದರಡಿಯ ತೇವ ಆರಿಹೋದರೆ ಆ ಆಸರೆ ಕೆಟ್ಟಂತೆಯೇ.

ಹೀಗೆ ಕಾಡಿನಲ್ಲಿ ಸಿಕ್ಕ ಅಪರೂಪದ ಬಣ್ಣದ ಹಾವುಗಳಿಂದ ಸಾಕುವವರ ಕಸುಬು ಬೆಳೆಯಿತು. ಅವರು ಹಾವುಗಳನ್ನು ಚಳಿಗಾಲದಲ್ಲಿ ಎರಡು ಮೂರು ತಿಂಗಳು ತಂಪಿನಲ್ಲಿಟ್ಟು, ವಸಂತದಲ್ಲಿ ಜೋಡಿಮಾಡುತ್ತಾರೆ. ಒಂದನ್ನೊಂದು ನುಂಗಬಾರದೆಂದು ಉಳಿದ ಕಾಲವೆಲ್ಲ ಬೇರೆ ಬೇರೆ ಪೆಟ್ಟಿಗೆ. ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು.

ಬಣ್ಣದ ಲೆಕ್ಕ ಮೆಂಡೆಲನ ಬಟಾಣಿಯ ಲೆಕ್ಕವೇ. ಕಪ್ಪು ವರ್ಣವಿಲ್ಲದೆ ಕೆಂಪು ಕಣ್ಣಿನ ಬಿಳಿಹಾವು ಹುಟ್ಟಬೇಕಾದರೆ ಆ ಗುಣ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ಬಿಳಿಹಾವನ್ನು ಆ ಗುಣವಿಲ್ಲದ ಸಾಮಾನ್ಯ ಹಾವಿನೊಡನೆ ಕೂಡಿಸಿದರೆ ಮರಿಗಳೆಲ್ಲ ಸಾಮಾನ್ಯ ಬಣ್ಣದವೇ. ಆದರೆ ಎಲ್ಲವೂ ಆ ಗುಣವನ್ನು ಒಳಗೆ ಹೊತ್ತಿರುತ್ತವೆ. ಅಂಥ ಎರಡನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಬಿಳಿ. ಬೇಗ ಬಣ್ಣ ಬರಲೆಂದು ರಕ್ತಸಂಬಂಧದಲ್ಲೇ ಮತ್ತೆ ಮತ್ತೆ ಕೂಡಿಸಿದರೆ ಸಂತಾನ ಬಲಗುಂದುವ ಅಪಾಯವುಂಟು.

ಇಷ್ಟು ಹವ್ಯಾಸ, ಮುಂದಿನದು ಅನರ್ಥ. ಆಫ್ರಿಕದ ವಾಯವ್ಯಕ್ಕೆ ಸಮುದ್ರದಲ್ಲಿ ಸ್ಪೇನಿಗೆ ಸೇರಿದ ಗ್ರಾನ್ ಕನಾರಿಯ ಎಂಬ ದ್ವೀಪವಿದೆ. ಅಲ್ಲಿ ಸ್ವಂತದ ಹಾವುಗಳೇ ಇರಲಿಲ್ಲ. ಸಾಕಲು ತಂದ ಕ್ಯಾಲಿಫೋರ್ನಿಯದ ಅರಸುಹಾವುಗಳು ತಪ್ಪಿಸಿಕೊಂಡೋ, ಬಿಡಲ್ಪಟ್ಟೋ ಹೊರಗೆ ಸೇರಿ, 1998ರಲ್ಲಿ ಮೊದಲು ಕಣ್ಣಿಗೆ ಬಿದ್ದವು. ಅವುಗಳಲ್ಲಿ ಬಿಳಿಯವೂ ಇದ್ದವು, ಗೆರೆಯವೂ ಇದ್ದವು. ಪೆಟ್ಟಿಗೆಯ ಬಣ್ಣಗಳೇ ಅವು ಬಂದ ದಾರಿಯನ್ನು ಹೇಳುತ್ತಿದ್ದವು. ಸಾಮಾನ್ಯವಾಗಿ ಬಿಳಿಹಾವು ಗಿಡುಗನ ಕಣ್ಣಿಗೆ ಬೇಗ ಬೀಳುತ್ತದೆ. ಇಲ್ಲಿ ಅವು ಹೆಚ್ಚು ಕಾಲ ನೆಲದೊಳಗೇ ಕಳೆದು, ನಿಜವಾಗಿ ಬಿಲೇಶಯಗಳಾಗಿ ಬದುಕಿ ಹೆಚ್ಚಿದವು. ಆ ದ್ವೀಪದ ದೊಡ್ಡ ಹಲ್ಲಿಗೆ ಹಾವಿನ ಭಯವೇ ತಿಳಿಯದು. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಾವು ಹರಡಿದ ಕಡೆಗಳಲ್ಲಿ ಆ ಹಲ್ಲಿಗಳ ಸಂಖ್ಯೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿದಿತ್ತು. ಈ ಹಲ್ಲಿಗಳು ಹಣ್ಣು ತಿಂದು ಬೀಜ ಹರಡುವವು. ಅವು ಹೋದರೆ ಗಿಡಗಳಿಗೂ ನಷ್ಟ. ಸಾವಿರಾರು ಹಾವುಗಳನ್ನು ಹಿಡಿದರೂ ಸಂತತಿ ಮುಗಿದಿಲ್ಲ.

ಇದು ದೂರದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಸುಂಕದ ಅಧಿಕಾರಿಗಳಿಗೆ ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್ ಹೆಬ್ಬಾವುಗಳೂ 17 ಕಾಳಿಂಗಗಳೂ ಸಿಕ್ಕವು. ಬಣ್ಣದ ಹಾವಿಗೆ ನಮ್ಮಲ್ಲಿಯೂ ಗಿರಾಕಿಗಳಿದ್ದಾರೆ ಎಂದಾಯಿತು. ನಮ್ಮ ನೆಲದ ಹಾವುಗಳನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ತಡೆಯಿದೆ. ಪರದೇಶದ ಹಾವನ್ನು ಅಂದಕ್ಕಾಗಿ ತಂದು, ಬೇಸರ ಬಂದಾಗ ಕೆರೆಯಂಗಳದಲ್ಲಿ ಬಿಟ್ಟುಬಿಡುವುದನ್ನು ಕೆಲವರು ಜೀವದಯೆಯೆಂದು ತಿಳಿಯಬಹುದು. ಗ್ರಾನ್ ಕನಾರಿಯದ ಹಲ್ಲಿಗಳಿಗೆ ಅಂಥ ದಯೆಯಿಂದ ಏನಾಯಿತೆಂಬುದನ್ನು ತಾವು ಕೇಳಿದಿರಿ. ಮನೆಯ ಮಕ್ಕಳು ಬಣ್ಣದ ಹಾವಿನ ಚಿತ್ರವನ್ನು ತೋರಿಸಿ ಆಸೆಪಟ್ಟಾಗ, ಅದರ ಚೆಲುವಿನ ಜೊತೆಗೆ ಈ ಸಂಗತಿಯನ್ನೂ ಅವರಿಗೆ ತಿಳಿಸುವುದು ಹಿರಿಯರ ಕರ್ತವ್ಯ.